‘ನಮ್ಮೆಲ್ಲರೊಳಗೂ ಒಬ್ಬ ಐಕ್‌ಮನ್ ಇದ್ದಾನೆ’ ಎಂದು ಹನ್ನಾ ಅರೆಂಟ್ ಹೇಳಿದ್ದರೇ?

ಪ್ರಶ್ನೆ: ‘ಹನ್ನಾ ಅರೆಂಟ್’ ಸಿನಿಮಾ ನೋಡಿದೆ. ಲಕ್ಷಾಂತರ ಜನರನ್ನು ಸಾವಿಗೆ ಕಳಿಸಿದ ನಾಜಿ ಐಕ್‌ಮನ್ ರಾಕ್ಷಸನಲ್ಲ, ಸಾಮಾನ್ಯ ಅಧಿಕಾರಿ ಎನ್ನುತ್ತಾರೆ ಆಕೆ. ಅಂದರೆ ಆ ಜಾಗದಲ್ಲಿ ನಾನಿದ್ದರೂ ನೀವಿದ್ದರೂ ಅದನ್ನೇ ಮಾಡುತ್ತಿದ್ದೆವು, ನಮ್ಮೆಲ್ಲರೊಳಗೂ ಒಬ್ಬ ಐಕ್‌ಮನ್ ಅಡಗಿದ್ದಾನೆ ಎಂದು ತಾನೇ ಅರ್ಥ?

ಉತ್ತರ: ಅಲ್ಲ.

ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಚಿಂತಕಿ ಅರೆಂಟ್ ಹಾಗೆ ಹೇಳಲಿಲ್ಲ. ಯಾರಾದರೂ ತಮ್ಮ ಬಾಯಿಗೆ ಆ ಮಾತು ತುರುಕಿದಾಗ ಕೆರಳಿ ಅಲ್ಲಗಳೆದಿದ್ದಾರೆ. ಈ ಚಿತ್ರದ ಪ್ರದರ್ಶನವಾದಾಗಲೆಲ್ಲ, ತರಗತಿಯಲ್ಲಿ ಅರೆಂಟ್ ಹೆಸರು ಬಂದಾಗಲೆಲ್ಲ, ಇದೇ ಪ್ರಶ್ನೆ ಏಳುತ್ತದೆ. ಎಷ್ಟೋ ಜನ ಇದನ್ನು ಕೇಳುವುದೂ ಇಲ್ಲ, ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಈ ಸಲ ಬಿಡಿಸಿ ಬರೆದುಬಿಡುತ್ತೇನೆ.

1972ರಲ್ಲಿ ಟೊರಾಂಟೊದಲ್ಲಿ ಅರೆಂಟ್ ಅವರ ಚಿಂತನೆಯ ಕುರಿತೇ ಒಂದು ಸಮ್ಮೇಳನ ನಡೆಯಿತು. ಆಕೆಯೂ ಅಲ್ಲಿದ್ದರು. ಚರ್ಚೆಯ ನಡುವೆ ಇದೇ ಮಾತು ಬಂತು. ಆಕೆಯ ಉತ್ತರದ ಸಾರ ಇಷ್ಟು: ಇಲ್ಲವೇ ಇಲ್ಲ, ನಿಮ್ಮೊಳಗೂ ಇಲ್ಲ, ನನ್ನೊಳಗೂ ಇಲ್ಲ. ಐಕ್‌ಮನ್‌ಗಳು ಲೋಕದಲ್ಲಿ ಸಾಕಷ್ಟಿದ್ದಾರೆ, ನಿಜ. ಆದರೆ ಪ್ರತಿಯೊಬ್ಬರೊಳಗೂ ಅವನಿದ್ದಾನೆ ಎಂಬ ಕಲ್ಪನೆಯನ್ನು ತಾನು ಯಾವತ್ತೂ ದ್ವೇಷಿಸಿದ್ದೇನೆ. ಯಾರೊಳಗೂ ಇಲ್ಲ ಎನ್ನುವುದು ಎಷ್ಟು ಸುಳ್ಳೋ ಇದೂ ಅಷ್ಟೇ ಸುಳ್ಳು.

ಇಷ್ಟು ಖಡಾಖಂಡಿತವಾಗಿ ಹೇಳಿದ ಮೇಲೂ ಆ ಮಾತು ಆಕೆಯ ಹೆಸರಿಗೇ ಅಂಟಿಕೊಂಡು ಓಡಾಡುತ್ತಿದೆಯಲ್ಲ, ಯಾಕೆ?

ಸಿನಿಮಾದ್ದು ತಪ್ಪಿಲ್ಲ. ಮಾರ್ಗರೆಟೆ ಫಾನ್ ಟ್ರೋಟಾ ನಿರ್ದೇಶಿಸಿದ, 2012ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಈ ಚಿತ್ರ ಆಕೆಯ ಇಡೀ ಬದುಕನ್ನು ಹೇಳಲು ಹೋಗುವುದಿಲ್ಲ. 1960ರಲ್ಲಿ ಅರ್ಜೆಂಟೀನಾದಲ್ಲಿ ಅಡಾಲ್ಫ್ ಐಕ್‌ಮನ್ ಸೆರೆಸಿಕ್ಕಿದ್ದು, 1961ರಲ್ಲಿ ಜೆರುಸಲೇಮಿನಲ್ಲಿ ಅವನ ವಿಚಾರಣೆ, ಅದನ್ನು ನೋಡಿ ಬಂದ ಅರೆಂಟ್ 1963ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯ ಐದು ಸಂಚಿಕೆಗಳಲ್ಲಿ ಬರೆದದ್ದು, ಆಮೇಲೆ ಎದ್ದ ಬಿರುಗಾಳಿ, ಇಷ್ಟನ್ನೇ ಹಿಡಿದುಕೊಳ್ಳುತ್ತದೆ. ಬಾರ್ಬರಾ ಸುಕೋವಾ ಅರೆಂಟ್ ಆಗಿದ್ದಾರೆ. ಐಕ್‌ಮನ್ ಪಾತ್ರವನ್ನು ಮಾತ್ರ ಯಾರೂ ಮಾಡಿಲ್ಲ. ವಿಚಾರಣೆಯ ನಿಜವಾದ ಕಪ್ಪು-ಬಿಳುಪು ಚಿತ್ರಿಕೆಯಲ್ಲಿ ಗಾಜಿನ ಗೂಡಿನೊಳಗೆ ಕೂತವನು ಐಕ್‌ಮನ್ನೇ. ಒಳ್ಳೆಯ ನಟನೊಬ್ಬ ಆ ಪಾತ್ರ ಮಾಡಿದ್ದರೆ ನಾವು ನಟನೆಯನ್ನು ಮೆಚ್ಚುತ್ತ ಕೂರುತ್ತಿದ್ದೆವು. ಈಗ ಅರೆಂಟ್ ನೋಡಿದ್ದನ್ನೇ ನಾವೂ ನೋಡುತ್ತೇವೆ. ನೆಗಡಿಯಾದ, ಮುಖ ಸೊಟ್ಟಗೆ ಮಾಡುವ, ಕಾಗದ ಜೋಡಿಸಿಕೊಳ್ಳುವ, ವಾಕ್ಯ ಮುಗಿಸಲಾಗದೆ ತಡಕಾಡುವ ಒಬ್ಬ ಮನುಷ್ಯ.

ಚಿತ್ರದ ಕೊನೆಯಲ್ಲಿ ವಿದ್ಯಾರ್ಥಿಗಳ ಮುಂದೆ ಒಂದು ಉಪನ್ಯಾಸವಿದೆ. ಅಲ್ಲಿ ಆಕೆ ಹೇಳುವುದನ್ನು ಕಿವಿಗೊಟ್ಟು ಕೇಳಿ. ಲೋಕದ ಅತಿ ದೊಡ್ಡ ಕೆಡುಕು ಮಾಡುವವರು ‘ಯಾರೂ ಅಲ್ಲದವರು’, ಅಂದರೆ ವ್ಯಕ್ತಿಗಳಾಗಲು ನಿರಾಕರಿಸಿದವರು ಎನ್ನುತ್ತಾರೆ. ಅರೆಂಟ್ ತಮ್ಮ ಉಪನ್ಯಾಸಗಳಲ್ಲಿ ನಿಜಕ್ಕೂ ಆಡಿದ ಮಾತದು. ನಿರಾಕರಿಸುವುದು ಎಂದರೆ ಅದೂ ಒಂದು ಕೆಲಸವೇ, ಮನುಷ್ಯ ಸ್ವತಃ ಮಾಡುವ ಕೆಲಸ. ಅವನ ಹಣೆಯಲ್ಲಿ ಬರೆದದ್ದಲ್ಲ, ನಮ್ಮೆಲ್ಲರ ರಕ್ತದಲ್ಲಿ ಹರಿಯುತ್ತಿರುವುದೂ ಅಲ್ಲ.

ಈ ತಪ್ಪು ಕಲ್ಪನೆ ಬಂದದ್ದು ಬೇರೆ ಕಡೆಯಿಂದ. ಐಕ್‌ಮನ್ ವಿಚಾರಣೆ ಇನ್ನೂ ನಡೆಯುತ್ತಿದ್ದ 1961ರ ಬೇಸಿಗೆಯಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತಮ್ಮ ಹೆಸರಾಂತ ಪ್ರಯೋಗ ಶುರುಮಾಡಿದರು. ಬೂದು ಕೋಟು ತೊಟ್ಟ ಪ್ರಯೋಗಕಾರ ‘ಮುಂದುವರಿಸಿ’ ಎಂದರೆ ಸಾಮಾನ್ಯ ಜನ ಪಕ್ಕದ ಕೋಣೆಯಲ್ಲಿರುವ ಅಪರಿಚಿತನಿಗೆ ಎಷ್ಟು ವೋಲ್ಟ್‌ವರೆಗೆ ವಿದ್ಯುತ್ ಆಘಾತ ಕೊಟ್ಟಾರು? ಆಘಾತ ನಿಜವಾದದ್ದಲ್ಲ, ಆದರೆ ಸ್ವಿಚ್ ಒತ್ತುವವರಿಗೆ ಅದು ಗೊತ್ತಿರಲಿಲ್ಲ. 1963ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 40 ಜನರ ಪೈಕಿ 26 ಮಂದಿ ಕೊನೆಯ 450 ವೋಲ್ಟ್‌ವರೆಗೂ ಹೋಗಿದ್ದರು. ಅರೆಂಟ್ ಅವರ ಪುಸ್ತಕ ‘ಐಕ್‌ಮನ್ ಇನ್ ಜೆರುಸಲೇಮ್’ ಬಂದದ್ದೂ ಅದೇ ವರ್ಷ. ಎರಡೂ ಒಂದರ ಪಕ್ಕ ಒಂದು ಕೂತವು. ಓದುಗರು ಎರಡನ್ನೂ ಕಲಸಿ ಒಂದೇ ಮುದ್ದೆ ಮಾಡಿದರು. ಮಿಲ್‌ಗ್ರಾಮ್ ಕೇಳಿದ್ದು ವಿಧೇಯತೆಯ ಪ್ರಶ್ನೆ. ಅರೆಂಟ್‌ಗೆ ವಿಧೇಯತೆ ಎಂಬ ವಿವರಣೆಯೇ ಒಪ್ಪಿಗೆಯಿರಲಿಲ್ಲ. (ಆ 40 ಜನರಲ್ಲಿ 14 ಮಂದಿ ನಿಲ್ಲಿಸಿದರು ಎಂಬುದನ್ನೂ ಯಾರೂ ನೆನೆಯುವುದಿಲ್ಲ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಕೆಯ ಪುಸ್ತಕದ ಉಪಸಂಹಾರವನ್ನು ದಯವಿಟ್ಟು ಓದಿ. ನ್ಯಾಯಾಧೀಶರು ಧೈರ್ಯವಾಗಿ ಹೀಗೆ ಹೇಳಬೇಕಿತ್ತು ಎನ್ನುತ್ತ ಅರೆಂಟ್ ತಾವೇ ಅಲ್ಲೊಂದು ತೀರ್ಪು ಬರೆಯುತ್ತಾರೆ. ಐಕ್‌ಮನ್‌ನನ್ನು ನೇರವಾಗಿ ‘ನೀನು’ ಎಂದು ಕರೆದು ಹೇಳುವ ಮಾತುಗಳು: ನಿನ್ನ ಪಾತ್ರ ಆಕಸ್ಮಿಕ, ನಿನ್ನ ಜಾಗದಲ್ಲಿ ಬೇರೆ ಯಾರು ಇದ್ದರೂ ಅದನ್ನೇ ಮಾಡುತ್ತಿದ್ದರು, ಹಾಗಾಗಿ ಹೆಚ್ಚುಕಡಿಮೆ ಎಲ್ಲ ಜರ್ಮನರೂ ಅಷ್ಟೇ ಅಪರಾಧಿಗಳು ಎಂದು ನೀನು ಹೇಳುತ್ತೀಯೆ. ಎಲ್ಲರೂ ಅಪರಾಧಿಗಳಾದಲ್ಲಿ ಯಾರೂ ಅಪರಾಧಿಗಳಲ್ಲ ಎಂಬುದೇ ಇದರ ಅರ್ಥ. ಬೇರೆಯವರು ಏನು ಮಾಡಬಹುದಿತ್ತು ಎಂಬುದು ನಮಗೆ ಬೇಕಿಲ್ಲ, ನೀನು ಏನು ಮಾಡಿದೆ ಎಂಬುದಷ್ಟೇ ಬೇಕು. ರಾಜಕೀಯ ಎಂದರೆ ಶಿಶುವಿಹಾರವಲ್ಲ, ಇಲ್ಲಿ ವಿಧೇಯತೆ ಮತ್ತು ಬೆಂಬಲ ಎರಡೂ ಒಂದೇ. ಈ ಭೂಮಿಯ ಮೇಲೆ ಯಾರು ಇರಬೇಕು, ಯಾರು ಇರಬಾರದು ಎಂದು ನಿರ್ಧರಿಸುವ ಹಕ್ಕು ತಮಗಿದೆ ಎಂಬಂತೆ ನೀನೂ ನಿನ್ನ ಮೇಲಿನವರೂ ನಡೆದುಕೊಂಡಿರಿ. ಅದಕ್ಕೇ, ಅದೊಂದೇ ಕಾರಣಕ್ಕೆ, ನಿನಗೆ ಗಲ್ಲು.

ನೋಡಿದಿರಲ್ಲ? ‘ಆ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು’ ಎಂಬುದು ಅರೆಂಟ್ ಆರೋಪಿಯ ಬಾಯಲ್ಲಿಟ್ಟ ವಾದ. ಅದನ್ನು ಎತ್ತಿ ಒಗೆಯುವುದಕ್ಕೆಂದೇ ಆಕೆ ಈ ತೀರ್ಪು ಬರೆದದ್ದು. ಅಪರಾಧಿಯ ಸಮರ್ಥನೆಯನ್ನೇ ತಂದು ಅವನನ್ನು ಶಿಕ್ಷಾರ್ಹನೆಂದ ಲೇಖಕಿಯ ಸಿದ್ಧಾಂತವೆಂದು ಪ್ರಚಾರ ಮಾಡುತ್ತಿದ್ದೇವೆ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲಿ. ‘ನಮ್ಮೆಲ್ಲರೊಳಗೂ ಐಕ್‌ಮನ್ ಇದ್ದಾನೆ’ ಎನ್ನುವವರು ತಾವೇನೋ ವಿನಯದ, ಆತ್ಮಶೋಧನೆಯ ಮಾತಾಡಿದೆವು ಎಂದುಕೊಳ್ಳುತ್ತಾರೆ. ಹೊಣೆಯನ್ನು ಎಲ್ಲರಿಗೂ ಹಂಚಿ, ಯಾರ ಪಾಲಿಗೂ ಏನೂ ಉಳಿಯದಂತೆ ಮಾಡಿದೆವು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

‘ಅವನು ಯಂತ್ರದ ಒಂದು ಹಲ್ಲು ಮಾತ್ರ’ ಎಂಬ ಇನ್ನೊಂದು ಮಾತೂ ಆಕೆಯದೆಂದು ಓಡಾಡುತ್ತದೆ. ಅದಕ್ಕೂ ಆಕೆಯೇ 1964ರ ಒಂದು ಬರಹದಲ್ಲಿ ಉತ್ತರ ಕೊಟ್ಟಿದ್ದಾರೆ. ನ್ಯಾಯಾಲಯದ ಹಿರಿಮೆ ಇರುವುದೇ ಅಲ್ಲಿ ಯಂತ್ರದ ಹಲ್ಲು ಮತ್ತೆ ಮನುಷ್ಯನಾಗುವುದರಲ್ಲಿ. ಕಟಕಟೆಯಲ್ಲಿ ನಿಲ್ಲುವುದು ವ್ಯವಸ್ಥೆಯಲ್ಲ, ಸಮಾಜವಲ್ಲ, ಹೆಸರು-ಊರು ಇರುವ ಒಬ್ಬ ವ್ಯಕ್ತಿ. ‘ನಾನು ಬರೀ ಹಲ್ಲು’ ಎಂದವನನ್ನು ನ್ಯಾಯಾಲಯ ಕೇಳಬೇಕಾದ ಪ್ರಶ್ನೆ ಒಂದೇ: ಹಲ್ಲಾದದ್ದಾದರೂ ಯಾಕೆ?

ಮೇಲಿನವರು ಹೇಳಿದ್ದನ್ನಷ್ಟೇ ಐಕ್‌ಮನ್ ಮಾಡಿದ ಎಂಬುದೂ ಸತ್ಯಕ್ಕೆ ದೂರ. 1944ರ ಮೇ ನಡುವಿನಿಂದ ಎಂಟು ವಾರಗಳಲ್ಲಿ ಹಂಗೆರಿಯಿಂದ 4,30,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ಸಾಗಿಸಲಾಯಿತು, ಬಹುಪಾಲು ಆಶ್‌ವಿಟ್ಸ್ ಹತ್ಯಾಶಿಬಿರಕ್ಕೆ. ಜುಲೈಯಲ್ಲಿ ಹಂಗೆರಿಯ ಆಡಳಿತಗಾರ ಹೋರ್ಟಿ ಸಾಗಣೆ ನಿಲ್ಲಿಸಿದ. ಐಕ್‌ಮನ್ ನಿಲ್ಲಿಸಲಿಲ್ಲ. ನಾಜಿಗಳು ರಚಿಸಿದ್ದ ಯಹೂದಿ ಮಂಡಳಿಯ ಸದಸ್ಯರನ್ನು ಇಡೀ ದಿನ ತನ್ನ ಕಚೇರಿಯಲ್ಲೇ ಕೂರಿಸಿ, ಅವರು ಯಾರಿಗೂ ಸುದ್ದಿ ಮುಟ್ಟಿಸದಂತೆ ನೋಡಿಕೊಂಡು, ಕಿಸ್ತಾರ್ಚಾ ಶಿಬಿರದಿಂದ ಸುಮಾರು 1,200 ಜನರ ರೈಲನ್ನು ಗಡಿ ದಾಟಿಸಿದ. ಆದೇಶಕ್ಕೆ ಕಾಯುವ ಗುಮಾಸ್ತ ಮಾಡುವ ಕೆಲಸವೇ ಇದು? ಶರತ್ಕಾಲದಲ್ಲಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್‌ನೇ ಹತ್ಯೆ ನಿಲ್ಲಿಸಲು ಹೊರಟಾಗಲೂ ಐಕ್‌ಮನ್ ಅಡ್ಡ ಎಳೆದ ಎಂಬುದನ್ನು ಅರೆಂಟ್ ಸ್ವತಃ ಚರ್ಚಿಸುತ್ತಾರೆ.

ಇನ್ನು ಆಂಟನ್ ಶ್ಮಿಡ್. ಈ ಹೆಸರು ಸಿನಿಮಾ ನೋಡಿದವರಿಗೆ ಗೊತ್ತಿಲ್ಲ, ಪುಸ್ತಕ ಓದಿದವರು ಮರೆಯುವುದಿಲ್ಲ. ವಿಲ್ನಿಯಸ್‌ನಲ್ಲಿದ್ದ ಜರ್ಮನ್ ಸೇನೆಯ ಒಬ್ಬ ಸಾರ್ಜೆಂಟ್. ಪಂಡಿತನಲ್ಲ, ನಾಯಕನಲ್ಲ. ಯಹೂದಿಗಳಿಗೆ ಸುಳ್ಳು ಕಾಗದಪತ್ರ ಮಾಡಿಕೊಟ್ಟ, ಸೇನೆಯ ಟ್ರಕ್‌ಗಳಲ್ಲಿ ಸಾಗಿಸಿ ಉಳಿಸಿದ, ದುಡ್ಡು ಮುಟ್ಟಲಿಲ್ಲ. ಸಿಕ್ಕಿಬಿದ್ದು 1942ರ ಏಪ್ರಿಲ್‌ನಲ್ಲಿ ಗುಂಡಿಗೆ ಬಲಿಯಾದ. ಜೆರುಸಲೇಮಿನ ನ್ಯಾಯಾಲಯದಲ್ಲಿ ಯಹೂದಿ ಪ್ರತಿರೋಧದ ನಾಯಕರಲ್ಲೊಬ್ಬನಾಗಿದ್ದ ಅಬ್ಬಾ ಕೋವ್ನರ್ ಸಾಕ್ಷ್ಯ ನುಡಿಯುವಾಗ ಈ ಹೆಸರು ಬಂದ ಕೂಡಲೇ ಇಡೀ ಸಭಾಂಗಣ ಮೌನವಾಯಿತಂತೆ. ಇಂಥ ಕಥೆಗಳು ಇನ್ನೂ ಕೆಲವು ಇದ್ದಿದ್ದರೆ ಇವತ್ತು ಎಲ್ಲವೂ ಎಷ್ಟು ಬೇರೆಯಾಗಿರುತ್ತಿತ್ತು ಎಂದು ಅರೆಂಟ್ ಬರೆಯುತ್ತಾರೆ. ಡೆನ್ಮಾರ್ಕಿನ ಬಗ್ಗೆಯೂ ಪುಟಗಟ್ಟಲೆ ಬರೆಯುತ್ತಾರೆ. 1943ರ ಅಕ್ಟೋಬರ್‌ನಲ್ಲಿ ಅಲ್ಲಿನ ಜನ ಮೀನುಗಾರರ ದೋಣಿಗಳಲ್ಲಿ 7,000ಕ್ಕೂ ಹೆಚ್ಚು ಯಹೂದಿಗಳನ್ನು ಸ್ವೀಡನ್‌ಗೆ ದಾಟಿಸಿದರು. ಭಯದ ಆಳ್ವಿಕೆಯಲ್ಲಿ ಹೆಚ್ಚಿನವರು ತಲೆಬಾಗುತ್ತಾರೆ, ಆದರೆ ಕೆಲವರು ಬಾಗುವುದಿಲ್ಲ. ಆ ಹತ್ಯಾಕಾಂಡ ಹೆಚ್ಚಿನ ಕಡೆ ನಡೆಯಬಹುದಿತ್ತು, ಆದರೆ ಎಲ್ಲ ಕಡೆಯೂ ನಡೆಯಲಿಲ್ಲ. ಪುಸ್ತಕದ ಬೆನ್ನೆಲುಬು ಈ ಎರಡು ವಾಕ್ಯಗಳು. ‘ಎಲ್ಲರೊಳಗೂ ಐಕ್‌ಮನ್’ ಎಂದರೆ ಶ್ಮಿಡ್‌ನನ್ನು ಎಲ್ಲಿಡುತ್ತೀರಿ?

ಹಾಗಾದರೆ ಆಕೆ ಪುಸ್ತಕದಲ್ಲಿ ಬಳಸಿದ ‘ಬನಾಲಿಟಿ ಆಫ್ ಈವಿಲ್’ (ಕೆಡುಕಿನ ಸವಕಲುತನ) ಎಂದರೆ ಏನು? ಕೆಡುಕು ಸಣ್ಣದು ಎಂದಲ್ಲ, ಸರ್ವೇಸಾಮಾನ್ಯ ಎಂದೂ ಅಲ್ಲ. ಕೆಡುಕು ಮಹಾದುರಂತವಾಗಿರಬಹುದು, ಮಾಡಿದವನು ಮಾತ್ರ ಟೊಳ್ಳು. 1946ರಷ್ಟು ಹಿಂದೆಯೇ ಆಕೆಯ ಗುರು ಕಾರ್ಲ್ ಯಾಸ್ಪರ್ಸ್ ಪತ್ರವೊಂದರಲ್ಲಿ ಎಚ್ಚರಿಸಿದ್ದರು: ನಾಜಿಗಳಿಗೆ ಸೈತಾನನ ಘನತೆ ಕೊಡಬೇಡ. ರೋಗಾಣು ರಾಷ್ಟ್ರಗಳನ್ನೇ ಅಳಿಸಬಲ್ಲದು, ಆದರೂ ಅದು ರೋಗಾಣುವೇ. 1963ರಲ್ಲಿ ಯಹೂದಿ ವಿದ್ವಾಂಸ ಗೆರ್‌ಶೋಮ್ ಶೋಲೆಮ್‌ಗೆ ಬರೆದ ಪತ್ರದಲ್ಲಿ ಅರೆಂಟ್ ತಮ್ಮ ನಿಲುವು ಹೇಳುತ್ತಾರೆ: ಕೆಡುಕಿಗೆ ಆಳವಿಲ್ಲ, ಅದು ಬೂಷ್ಟಿನಂತೆ ಮೇಲ್ಮೈಯಲ್ಲೇ ಹಬ್ಬಿ ಲೋಕವನ್ನು ಹಾಳುಮಾಡುತ್ತದೆ. ಆಳವಿರುವುದು ಒಳಿತಿಗೆ ಮಾತ್ರ.

ಐಕ್‌ಮನ್‌ನಲ್ಲಿ ಆ ಟೊಳ್ಳು ಎಲ್ಲಿ ಕಂಡಿತು? ಭಾಷೆಯಲ್ಲಿ. ‘ಕಚೇರಿಯ ಭಾಷೆ ಬಿಟ್ಟು ನನಗೆ ಬೇರೆ ಭಾಷೆ ಬಾರದು’ ಎಂದು ಅವನೇ ಒಪ್ಪಿಕೊಂಡಿದ್ದ. ತತ್ವಜ್ಞಾನಿ ಕಾಂಟ್‌ನ ನೀತಿತತ್ವದಂತೆ ಬಾಳಿದೆ ಎಂದೂ ಹೇಳಿಕೊಂಡ. ನ್ಯಾಯಾಧೀಶ ರಾವೆ ಆ ಎಳೆ ಹಿಡಿದು ಕೆದಕಿದಾಗ ಕಾಂಟ್‌ನ ಸೂತ್ರವನ್ನು ಹೆಚ್ಚುಕಡಿಮೆ ಸರಿಯಾಗಿಯೇ ಒಪ್ಪಿಸಿದ! ಕಾಂಟ್ ಹುಟ್ಟಿ ಬಾಳಿದ ಕೋನಿಗ್ಸ್‌ಬರ್ಗ್‌ನಲ್ಲೇ ಬೆಳೆದ ಅರೆಂಟ್‌ಗೆ ಅದನ್ನು ಓದುವಾಗ ಹೇಗಾಗಿರಬೇಡ. ಗಲ್ಲಿನ ಮುಂದೆ ನಿಂತು ಮೊದಲು ತನಗೆ ಕ್ರೈಸ್ತರ ದೇವರಲ್ಲಿ, ಸಾವಿನಾಚೆಯ ಬದುಕಿನಲ್ಲಿ ನಂಬಿಕೆಯಿಲ್ಲ ಎಂಬ ಅರ್ಥದ ಮಾತಾಡಿದ, ಮರುಕ್ಷಣವೇ ‘ಸ್ವಲ್ಪ ಹೊತ್ತಿನಲ್ಲಿ ನಾವೆಲ್ಲ ಮತ್ತೆ ಸೇರೋಣ’ ಎಂದ. ಶವಸಂಸ್ಕಾರದ ಭಾಷಣಗಳಲ್ಲಿ ಕೇಳಿದ ಸವಕಲು ಮಾತು ತನ್ನ ಸಾವಿನ ಹೊತ್ತಿಗೂ ನಾಲಿಗೆಗೆ ಬಂತು. ಆ ಘಟನೆಯ ಬೆನ್ನಿಗೇ ಪುಸ್ತಕದಲ್ಲಿ ಆ ಹೆಸರಾಂತ ಪದಗುಚ್ಛ ಬರುತ್ತದೆ, ಅಧ್ಯಾಯದ ಕೊನೆಯ ಸಾಲಿನಲ್ಲಿ. ಆಕೆ ‘ಯೋಚನೆಯಿಲ್ಲದಿರುವಿಕೆ’ ಎಂದದ್ದು ಇದನ್ನೇ. ದಡ್ಡತನವನ್ನಲ್ಲ, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡಲು ಒಮ್ಮೆಯೂ ಪ್ರಯತ್ನಿಸದಿರುವುದನ್ನು.

‘ಸರಿ, ಆದರೆ ಐಕ್‌ಮನ್ ಕೋರ್ಟಿನಲ್ಲಿ ನಾಟಕ ಆಡಿದ್ದನಂತಲ್ಲ?’ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ತಿರುಳಿದೆ. 1957ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಲೆಮ್ ಸಾಸೆನ್ ಎಂಬ ನಾಜಿ ಪತ್ರಕರ್ತನ ಟೇಪ್ ರೆಕಾರ್ಡರ್ ಮುಂದೆ ಐಕ್‌ಮನ್ ಗಂಟೆಗಟ್ಟಲೆ ಮಾತಾಡಿದ್ದ. ಅಲ್ಲಿ ಅವನು ಬಡಪಾಯಿ ಗುಮಾಸ್ತನಲ್ಲ. ಮಾಡಿದ್ದಕ್ಕೆ ಹೆಮ್ಮೆಪಡುವ, ಎಲ್ಲರನ್ನೂ ಮುಗಿಸಲಾಗಲಿಲ್ಲವಲ್ಲ ಎಂದು ಹಲುಬುವ ಕಟ್ಟಾ ನಾಜಿ. ಬೆಟಿನಾ ಸ್ಟಾಂಗ್‌ನೆಟ್ ಎಂಬ ಜರ್ಮನ್ ತತ್ವಶಾಸ್ತ್ರಜ್ಞೆ 2011ರಲ್ಲಿ ಈ ದಾಖಲೆಗಳನ್ನೆಲ್ಲ ಜಾಲಾಡಿ ಬರೆದ ಮೇಲೆ, ಅವನಿಗೆ ದ್ವೇಷವೇ ಇರಲಿಲ್ಲ ಎಂಬ ಅರೆಂಟ್ ಅವರ ಅಂದಾಜು ನಿಲ್ಲುವುದಿಲ್ಲ. ವಿಚಾರಣೆಯ ಹೆಚ್ಚಿನ ಭಾಗಕ್ಕೆ ಆಕೆ ಜೆರುಸಲೇಮಿನಲ್ಲಿ ಇರಲೂ ಇಲ್ಲ. ಜುಲೈಯಲ್ಲಿ ಸರ್ಕಾರಿ ವಕೀಲ ಹಾಸ್ನರ್ ಪಾಟೀಸವಾಲು ನಡೆಸುವಾಗ ಆಕೆ ಹೊರಟುಹೋಗಿದ್ದರು, ಅದನ್ನು ಬರಹದಲ್ಲಷ್ಟೇ ಓದಿದರು. ನನ್ನ ಮಟ್ಟಿಗೆ, ಆ ಮನುಷ್ಯನ ವಿಷಯದಲ್ಲಿ ಆಕೆ ಒಂದಿಷ್ಟು ಮೋಸಹೋದರು. ಆದರೆ ಆ ಟೇಪುಗಳಲ್ಲೂ ಕೇಳಿಸುವುದು ಅದೇ ಎರವಲು ಮಾತು, ಅದೇ ಘೋಷಣೆ. ಹಾಗಾಗಿ ಪರಿಕಲ್ಪನೆ ಬಿದ್ದಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಂಬಿಕೆ ಗಟ್ಟಿಯಾಗಿದ್ದ ಮಾತ್ರಕ್ಕೆ ಮನುಷ್ಯ ಯೋಚಿಸಿದ್ದಾನೆ ಎಂದಾಗುವುದಿಲ್ಲ.

ಚಿತ್ರದಲ್ಲಿ ಮಾಡಿಕೊಂಡ ಬದಲಾವಣೆಯ ಬಗ್ಗೆ ಒಂದು ಮಾತು. ‘ನಾನು ಯಾವ ಜನಾಂಗವನ್ನೂ ಪ್ರೀತಿಸಿಲ್ಲ, ಸ್ನೇಹಿತರನ್ನು ಮಾತ್ರ ಪ್ರೀತಿಸಬಲ್ಲೆ’ ಎಂಬುದನ್ನು ಆಕೆ ಹಾಸಿಗೆ ಹಿಡಿದ ಹಳೆಯ ಸ್ನೇಹಿತ ಕುರ್ಟ್ ಬ್ಲೂಮೆನ್‌ಫೆಲ್ಡ್ ಮುಂದೆ ಹೇಳುವಂತೆ ತೋರಿಸಿದ್ದಾರೆ. ನಿಜದಲ್ಲಿ ಅದು ಶೋಲೆಮ್‌ಗೆ ಬರೆದ ಪತ್ರದ್ದು. ಗೆಳೆಯ ಹಾನ್ಸ್ ಯೋನಾಸ್ ಮುನಿಸಿಕೊಂಡು ಹೋದದ್ದು ನಿಜ, ಮುಂದೆ ರಾಜಿಯಾದದ್ದು ಚಿತ್ರದಲ್ಲಿಲ್ಲ. ಜನ ಸಿಡಿದೆದ್ದದ್ದು ಕೆಡುಕಿನ ತತ್ವಕ್ಕಿಂತ ಹೆಚ್ಚಾಗಿ, ಯಹೂದಿ ಮಂಡಳಿಗಳ ನಾಯಕರು ನಾಜಿಗಳಿಗೆ ಸಹಕರಿಸಿದರು ಎಂದು ಆಕೆ ಬರೆದ ಕೆಲವೇ ಪುಟಗಳ ಮೇಲೆ. ಅದನ್ನು ಚಿತ್ರ ಮುಚ್ಚಿಟ್ಟಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಚಿತ್ರದ ನಡುನಡುವೆ ಬರುವ ಜರ್ಮನ್ ತತ್ವಜ್ಞಾನಿ ಮಾರ್ಟಿನ್ ಹೈಡೆಗರ್ ದೃಶ್ಯಗಳನ್ನು ಪ್ರೇಕ್ಷಕರು ಗುರು-ಶಿಷ್ಯೆಯ ಪ್ರೇಮಕಥೆ ಎಂದು ನೋಡಿ ಮುಗಿಸುತ್ತಾರೆ. ಅಲ್ಲಿ ಅದಕ್ಕಿಂತ ದೊಡ್ಡದು ಇದೆ. 1924ರಲ್ಲಿ ಮಾರ್ಬುರ್ಗ್‌ನಲ್ಲಿ ಹದಿನೆಂಟರ ಹುಡುಗಿಗೆ ‘ಯೋಚಿಸುವುದು’ ಎಂದರೇನು ಎಂದು ಕಲಿಸಿದವರು ಹೈಡೆಗರ್. ಅದೇ ಹೈಡೆಗರ್ 1933ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆಗಿ ಮೇ ತಿಂಗಳಲ್ಲಿ ನಾಜಿ ಪಕ್ಷ ಸೇರಿದರು, 1945ರವರೆಗೂ ಸದಸ್ಯರಾಗಿ ಉಳಿದರು. ಅದೇ 1933ರಲ್ಲಿ ಬರ್ಲಿನ್‌ನಲ್ಲಿ ಪೊಲೀಸರು ಅರೆಂಟ್‌ರನ್ನು ಹಿಡಿದರು. ಬಿಟ್ಟ ಕೂಡಲೇ ಆಕೆ ದೇಶ ತೊರೆದರು, 1937ರಿಂದ 1951ರವರೆಗೆ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಯೋಚನೆ ಕೆಡುಕನ್ನು ತಡೆಯುತ್ತದೆ ಎಂದರೆ ಶತಮಾನದ ಮಹಾ ಚಿಂತಕನನ್ನು ಅದು ಯಾಕೆ ತಡೆಯಲಿಲ್ಲ?

ಅರ್ಧ ಉತ್ತರ ಆಕೆಯ ಬಳಿ ಇತ್ತು. ನಾಜಿಗಳಿಗೆ ಕೈಜೋಡಿಸಲು ಒಪ್ಪದವರು ಹೆಚ್ಚು ಓದಿದವರಲ್ಲ, ಜಾಣರೂ ಅಲ್ಲ. ‘ಇದನ್ನು ಮಾಡಿದ ಮೇಲೆ ನನ್ನ ಜೊತೆ ನಾನು ಬದುಕಬಲ್ಲೆನೇ?’ ಎಂದು ಕೇಳಿಕೊಂಡವರು, ಕೊಲೆಗಾರನ ಜೊತೆ ಒಂದೇ ಮೈಯಲ್ಲಿ ಇರಲಾರೆವು ಎಂದವರು. ಇದು ಸಾಕ್ರೆಟಿಸ್‌ನ ಯೋಚನೆ, ತತ್ವಶಾಸ್ತ್ರದ ಪ್ರಾಧ್ಯಾಪಕರದ್ದಲ್ಲ. ಆಂಟನ್ ಶ್ಮಿಡ್‌ಗೆ ಅದು ಬಂದಿತ್ತು.

ಉಳಿದರ್ಧಕ್ಕೆ ಬಂದಾಗ ಆಕೆಯ ಕೈ ನಡುಗಿತು ಎಂದೇ ನನ್ನ ಅನಿಸಿಕೆ. 1969ರಲ್ಲಿ ಹೈಡೆಗರ್‌ಗೆ 80 ತುಂಬಿದಾಗ ಬರೆದ ಲೇಖನದಲ್ಲಿ ಆ ನಾಜಿ ಅಧ್ಯಾಯವನ್ನು ಹತ್ತು ತಿಂಗಳ ದಾರಿತಪ್ಪು ಎಂಬಂತೆ ದಾಟಿಬಿಡುತ್ತಾರೆ. ನಿರಂಕುಶ ಪ್ರಭುಗಳ ಕಡೆಗೆ ವಾಲುವುದು ಪ್ಲೇಟೋ ಕಾಲದಿಂದ ಚಿಂತಕರಿಗೆ ಅಂಟಿದ ವೃತ್ತಿದೋಷ ಎನ್ನುತ್ತಾರೆ. ಐಕ್‌ಮನ್‌ಗೆ ‘ಬೇರೆಯವರ ಮಾತು ಬೇಡ, ನೀನು ಏನು ಮಾಡಿದೆ ಹೇಳು’ ಎಂದವರು ಗುರುವಿಗೆ ಇಡೀ ವೃತ್ತಿಯನ್ನೇ ಆಸರೆಯಾಗಿ ಕೊಟ್ಟರು. ಆದರೆ 1953ರಲ್ಲಿ ತಮಗಾಗಿಯೇ ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ ಬೇರೆಯದೇ ಹೈಡೆಗರ್ ಇದ್ದಾರೆ: ಬೋನಿಗೂ ಬಿಲಕ್ಕೂ ವ್ಯತ್ಯಾಸ ತಿಳಿಯದ, ಬೋನನ್ನೇ ಬಿಲವಾಗಿ ಕಟ್ಟಿಕೊಂಡು, ಅಲ್ಲಿಗೆ ಅತಿಥಿಗಳು ಬಂದರೆ ಹಿಗ್ಗುವ ಒಂದು ನರಿ. ಅತಿಥಿಗಳು ಬೇಕಾದಾಗ ಹೊರಗೆ ಬರಬಹುದು, ನರಿ ಮಾತ್ರ ಬರಲಾರದು. ಚಿತ್ರವನ್ನು ಇನ್ನೊಮ್ಮೆ ನೋಡುವವರು ಯುದ್ಧದ ನಂತರ ಆ ಇಬ್ಬರೂ ಕಾಡಿನಲ್ಲಿ ನಡೆಯುವ ದೃಶ್ಯವನ್ನು ಈ ಟಿಪ್ಪಣಿ ಓದಿಕೊಂಡು ನೋಡಿ.